ಕಡಲೆ ಹೊಲದಲ್ಲಿ ಹಾಸಿದ ಧೋತರ

ಚಳಿಗಾಲವನ್ನು ತೋರಿಸಿ ಪಾಠ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಮೊದಲನೆಯವನು ನಾನೇ ಆದ್ದರಿಂದ ಡಿಸೆಂಬರಿನಲ್ಲಿ ನನಗೆ ಬೇರೆ ಬೆಂಕಿ ಬೇಕಾಗುವುದಿಲ್ಲ.

ಶಹಾಪುರದ ನಮ್ಮ ಚರ್ಚಿನ ಸಭೆಯವರು ಡಿಸೆಂಬರ್ ಹಿಡಿದಾಗಿನಿಂದ ಕ್ರಿಸ್‌ಮಸ್‌ವರೆಗೆ ಮನೆಮನೆಯಲ್ಲಿ ಪ್ರಾರ್ಥನೆ ಇಡುತ್ತಾರೆ. ಹತ್ತನೆಯ ಇಯತ್ತೆಯಷ್ಟೇ ಓದಿದ ನಾನು ಅಲ್ಲಿ ದೊಡ್ಡ ಪಂಡಿತ. ಹಿಂಗಾರಿ ಜೋಳ ಮಳೆಯಿಲ್ಲದೆ ಇಬ್ಬನಿ ಕುಡಿದೇ ತೆನೆ ತುಂಬಿದರೆ ಅದು ವಿಶ್ವಾಸದ ಪಾಠ. ಎರೆಭೂಮಿ ಬಿರುಕು ಬಿಟ್ಟರೆ ಪಶ್ಚಾತ್ತಾಪದ ಪಾಠ. ಪಾಪ ಹಿಮದಂತೆ ಬೆಳ್ಳಗಾಗುವುದನ್ನಂತೂ ಕಣ್ಣಾರೆ ಕಂಡವನಂತೆ ವರ್ಣಿಸಿದ್ದೇನೆ. ಹಿಮವನ್ನು ನಾನು ನೋಡಿದ್ದು ಗ್ರೀಟಿಂಗ್ ಕಾರ್ಡಿನಲ್ಲಿ. ಪಾಪವನ್ನು ಮಾತ್ರ ಹತ್ತಿರದಿಂದ ಬಲ್ಲೆ.

ನನ್ನ ಪಾಪಕ್ಕೆ ಹೆಸರಿದೆ: ಮಾರ್ತಮ್ಮ, ಕೆಂಭಾವಿಗೆ ಕೊಟ್ಟ ನನ್ನ ತಂಗಿ. ಒಂದು ಕ್ರಿಸ್‌ಮಸ್ ಊಟದಲ್ಲಿ ಎಲ್ಲರೆದುರು ಅಂದಳು: “ಅಣ್ಣಾ, ಸಭಾದಾಗ ಚಳಿ ಬಗ್ಗಿ ಪ್ರಸಂಗ ಮಾಡ್ತಿ. ಮನ್ಯಾಗ ಅವ್ವಗ ಒಂದ್ ತಂಬಿಗಿ ಬಿಸ್ನೀರ್ ಕಾಸಿ ಕೊಡಂಗಿಲ್ಲ.” ಮಾತು ನಿಜವಾಗಿತ್ತು. ಅದಕ್ಕೇ ಕ್ಷಮಿಸಲಿಲ್ಲ. ಮರುತಿಂಗಳು ಅವ್ವ ತೀರಿದಾಗ, ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ, ಒಂದು ತಾಸು ತಡೆಯಿರಿ ಎಂದು ಫೋನಿನಲ್ಲಿ ಅತ್ತಳು. ನಾನು ತಡೆಯಲಿಲ್ಲ. ಮಣ್ಣು ಕೊಡಿಸಿದೆ. ಸಾಲದ್ದಕ್ಕೆ, ಕಾಳು ಮಣ್ಣಿಗೆ ಬಿದ್ದರೆ ತಾನೇ ತೆನೆ ಎಂದು ಕುಣಿಯ ಅಂಚಿನಲ್ಲಿ ನಿಂತು ಪಾಠವನ್ನೂ ಹೇಳಿದೆ, ನಾಚಿಕೆಗೇಡಿ. ಅವಳು ಬಂದಾಗ ಕುಣಿ ಮುಚ್ಚಿಯಾಗಿತ್ತು. ಆಮೇಲೆ ಹನ್ನೊಂದು ಚಳಿಗಾಲ ನಾವು ಮಾತಾಡಲಿಲ್ಲ.

ಈ ವರ್ಷ ಅವಳಿಗೆ ಜಡ್ಡು ಜೋರಾಗಿದೆ ಎಂದು ತಿಳಿಯಿತು. ಹೋಗಬೇಕೋ ಬೇಡವೋ, ದೇವರನ್ನೇ ಕೇಳೋಣವೆಂದುಕೊಂಡೆ. ಬೈಬಲ್ಲಿನ ಗಿದ್ಯೋನನು ಕಣದಲ್ಲಿ ಕುರಿಯ ಉಣ್ಣೆ ಹಾಸಿ, ಅದರ ಮೇಲೆ ಬಿದ್ದ ಇಬ್ಬನಿಯಿಂದ ದೇವರ ಮನಸ್ಸು ತಿಳಿದನಂತೆ. ನಾನು ಹಳೆಯ ಧೋತರವನ್ನು ನೆರೆಮನೆಯ ಖಾಜಾಸಾಬನ ಕಡಲೆ ಹೊಲದಲ್ಲಿ ಹಾಸಿದೆ. ಬೆಳಿಗ್ಗೆ ಒಣಗಿದ್ದರೆ ಹೋಗುತ್ತೇನೆ, ಒದ್ದೆಯಿದ್ದರೆ ಇಲ್ಲ, ಇದು ಕರಾರು. ಕಡಲೆ ಗಿಡದ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಇಳಿದ ಹುಳಿಯನ್ನು ಹಿಂಡಿ ಹೊಟ್ಟೆನೋವಿಗೆ ಕುಡಿಯುವ ನಾಡು ನಮ್ಮದು. ಡಿಸೆಂಬರಿನಲ್ಲಿ ಆ ಬಟ್ಟೆ ಒಣಗಿ ಉಳಿದದ್ದನ್ನು ನನ್ನ ಅಜ್ಜನೂ ಕಂಡಿರಲಿಲ್ಲ. ಗೊತ್ತಿದ್ದೇ ಹಾಸಿದೆ. ಮೂರು ಮುಂಜಾನೆ ತೊಯ್ದ ಧೋತರ ನೋಡಿ, ದೇವರ ಚಿತ್ತ ಎಂದು ನಿಟ್ಟುಸಿರನ್ನೂ ಬಿಟ್ಟೆ.

ಮೂರನೆಯ ಮುಂಜಾನೆ ಖಾಜಾಸಾಬ ಬದುವಿನ ಮೇಲೆ ನಿಂತಿದ್ದ. “ಏನ್ ಕಾಕಾ, ಮೂರ್ ದಿನ ಆತು, ಹೊಟ್ಟಿ ಬ್ಯಾನಿ ಇನ್ನಾ ಹೋಗಿಲ್ಲೇನ್ರಿ?”

ಕರಾರು ಹೇಳಿದೆ. ಅವನು ನಕ್ಕ ನಗೆಗೆ ಹೊಲದ ಹಕ್ಕಿಗಳೆಲ್ಲ ಎದ್ದವು.

“ಕಡ್ಲ್ಯಾಗ ಹಾಸಿ ಒಣಾ ಅರಿವಿ ಕೇಳ್ತೀರಿ? ಖುದಾಗೇ ಮೋಸ ಮಾಡ್ತೀರಲ್ರಿ! ತಂಗಿ ಮಾರಿ ನೋಡ್ಲಾಕ ಅಂಜಿಕಿ ಬರ್ತದ ಅಂತ ಸೀದಾ ಹೇಳ್ರಿ.”

ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಯಾರ ಕೆನ್ನೆಗೆ ಎಂಬುದು ಕೆಂಭಾವಿಯ ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು.

ಮಾರ್ತಮ್ಮ ಅಂಗಳದಲ್ಲಿ ಹೊರಸಿನ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದಳು. ತಪ್ಪಾಯಿತು ಎಂದೆ. ಅದಕ್ಕೆ ಯಾವ ಪಾಠವನ್ನೂ ಸೇರಿಸಲಿಲ್ಲ.

“ಮಣ್ಣ ಕೊಡೂ ಮುಂದ ಅವ್ವನ ಮಾರಿ ಹ್ಯಾಂಗಿತ್ತು? ಅದನ್ನರೆ ಹೇಳು.”

ಅವಳು ಬರುವುದರೊಳಗೆ ಮುಗಿಸುವ ಅವಸರದಲ್ಲಿ ನಾನೂ ನೋಡಿರಲಿಲ್ಲ. ಹಾಗೆಂದೇ ಹೇಳಿದೆ.

ಆಗ ಶುರುವಾಯಿತು. ಬಿಸಿಲು ಅಂಗಳ ದಾಟಿ ಗೋಡೆ ಏರುವವರೆಗೆ ಬೈದಳು. ದಮ್ಮು ಹತ್ತಿದಾಗ ನೀರು ಕುಡಿದು ಬೈದಳು. ಕಡೆಗೆ, “ಏಳು, ಬಸ್ ಹೋಗ್ತದ. ಬರೂ ಐತವಾರ ಬಾ, ಇನ್ನಾ ಭಾಳ ಬೈಯೂದದ,” ಎಂದಳು.

ಕ್ಷಮಿಸಿದೆ ಎನ್ನಲಿಲ್ಲ. ಆ ಐತವಾರ ಸಭೆಯಲ್ಲಿ ನನ್ನ ಪ್ರಸಂಗವಿತ್ತು. ಬೇರೆ ಯಾರನ್ನಾದರೂ ನೋಡಿಕೊಳ್ಳಿ, ನನಗೆ ಬೈಸಿಕೊಳ್ಳುವುದಿದೆ ಎಂದು ಸಭೆಯ ಪಾದ್ರಿ ಅಯ್ಯನವರಿಗೆ ತಿಳಿಸಿದ್ದೇನೆ.