ಬಸವಣ್ಣನ ಗಂಟೆ ಮುಳುಗಿದ ದಿನ

ಅವತ್ತು ಹೊತ್ತಿಗೆ ಸರಿಯಾಗಿ ಕೆಂಪು ಅರಿವೆ ಏರಿಸಬೇಕಾದವಳು ನಾನು. ಏರಿಸಲಿಲ್ಲ. ಏರಿಸಲಿಲ್ಲ ಎಂದು ಮುದುಕಿಯಾಗುವ ತನಕ ಯಾರಿಗೂ ಹೇಳಲೂ ಇಲ್ಲ. ಈಗ ಹೇಳಿಯಾಗಿದೆ. ಹೇಳಿದ ಮೇಲೆ ರೊಟ್ಟಿಗೆ ರುಚಿ ಬಂದಿದೆ, ನಿದ್ದೆಯೂ ಹತ್ತುತ್ತಿದೆ. ಅದಕ್ಕೇ ಬರೆಯುವ ಧೈರ್ಯ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ.

ಆಗಿನ್ನೂ ತುಂಗಭದ್ರೆಗೆ ಅಣೆಕಟ್ಟು ಕಟ್ಟಿರಲಿಲ್ಲ. ಕಂಪ್ಲಿಯ ಕಡೆಯ ದಡ ಮದ್ರಾಸಿನವರದು, ಆಚೆಯ ದಡ ನಿಜಾಮನದು, ನಡುವೆ ನಮ್ಮ ಗಡ್ಡೆ. ಸುತ್ತ ನೀರು, ಒಳಗೆ ಬಾಳೆ, ಬಾಳೆಯ ನಡುವೆ ಹತ್ತಿಪ್ಪತ್ತು ಮಣ್ಣಿನ ಮನೆ. ಗಾಡಿ ಎಂಬುದನ್ನು ನಾನು ಮೊದಲು ಕಂಡದ್ದು ಕಂಪ್ಲಿಯಲ್ಲಿ. ಪೊಲೀಸರು ನಮ್ಮೂರಿಗೆ ಬಂದದ್ದನ್ನು ಕಾಣಲೇ ಇಲ್ಲ. ಹರಗೋಲು ಹತ್ತಲು ಅವರಿಗೆ ಅಷ್ಟು ಹೆದರಿಕೆ. ಬಿದಿರ ಬುಟ್ಟಿಗೆ ಚರ್ಮ ಹೊದಿಸಿದ ಆ ಹರಗೋಲುಗಳನ್ನು ದಡದಲ್ಲಿ ಬೋರಲು ಹಾಕಿ ಒಣಗಿಸುತ್ತಿದ್ದರು. ಬಿಸಿಲಿಗೆ ಕಾದ ಚರ್ಮದ ವಾಸನೆ, ಹಸಿ ರೇವೆ ಮಣ್ಣಿನ ವಾಸನೆ, ಯಾವುದೋ ಮನೆಯಲ್ಲಿ ಪುಂಡಿಪಲ್ಲೆ ಕುದಿಯುವ ಹುಳಿ ವಾಸನೆ. ಮೂರೂ ಸೇರಿದರೆ ಅದೇ ನಮ್ಮೂರು. ಹಾಳು ಮಂಟಪದ ನೆಲಗಲ್ಲಿನ ಮೇಲೆ ಯಾವ ಕಾಲದವರೋ ಕೊರೆದ ಆಟದ ಮನೆಗಳಿದ್ದವು. ನಾವು ಹುಣಸೆ ಬೀಜ ಇಟ್ಟು ಅಲ್ಲೇ ಹುಲಿಕಟ್ಟು ಆಡುತ್ತಿದ್ದೆವು.

ಗಡ್ಡೆಯ ಕಂಪ್ಲಿ ಕಡೆಗೆ, ಹರಗೋಲು ಹೊಳೆ ದಾಟುವ ಹಾಯುಗಡದ ಹತ್ತಿರ ನೀರಿನಂಚಿಗೆ ಒಂದು ಕಲ್ಲಿನ ಬಸವಣ್ಣ ಕೂತಿದ್ದ. ಮಳೆಗಾಲದಲ್ಲಿ ಊರಿನ ಕಣ್ಣೆಲ್ಲ ಅವನ ಮೇಲೆ. ನೀರು ಮೊಣಕಾಲು ಮುಟ್ಟಿದರೂ ಅಂಬಿಗ ಹಾಯಿಸುತ್ತಿದ್ದ. ಕೊರಳಲ್ಲಿ ಕೆತ್ತಿದ ಗಂಟೆ ಮುಳುಗಿತೆಂದರೆ ಯಾರೂ ಹಾಯುವಂತಿರಲಿಲ್ಲ. ಆದರೆ ಬಸವಣ್ಣ ಕಂಪ್ಲಿ ದಡದಲ್ಲಿದ್ದವರಿಗೆ ಕಾಣಿಸುತ್ತಿರಲಿಲ್ಲ. ಅಲ್ಲಿ ನೀರು ಮರಳಿನ ಮೇಲೆ ಹರಡಿಕೊಂಡು ಸಾಧುವಾಗಿ ತೋರುತ್ತಿತ್ತು, ಸೆಳವೆಲ್ಲ ನಮ್ಮ ಕಡೆ. ಅದಕ್ಕೆ ಗಂಟೆ ಮುಳುಗಿದ ಕೂಡಲೇ ನಾವು ಗಳದ ತುದಿಗೆ ಕೆಂಪು ಅರಿವೆ ಏರಿಸಬೇಕು. ಅದನ್ನು ಕಂಡರೆ ಅಂಬಿಗ ಅಲ್ಲೇ ನಿಲ್ಲುತ್ತಿದ್ದ. ಕಾಯುವ ಪಾಳಿ ದಿನಕ್ಕೊಂದು ಮನೆಯದು.

ಅವತ್ತು ಸಂತೆ. ಅಕ್ಕ ಗಂಗವ್ವ ಬಾಳೆ ಎಲೆ ಮಾರಲು ಬೆಳಿಗ್ಗೆಯೇ ಕಂಪ್ಲಿಗೆ ಹೋಗಿದ್ದಳು. ಅಪ್ಪ ಬಾಳೆಗೆ ಊರುಗೋಲು ಕೊಡಲು ಹೊರಟವನು ನನ್ನನ್ನು ಕರೆದ.

"ಪಾರೀ, ಇವತ್ತು ಪಾಳಿ ನಮ್ದು. ಬಸವಣ್ಣನ ಮುಂದಿಂದ ಏಳಬ್ಯಾಡ. ಗಂಟಿ ಮುಳುಗಿದ ಕೂಡ್ಲೇ ಅರಿವಿ ಏರಿಸು."

"ಹಸಿವಾದ್ರ?"

"ಹಸಿವಾದ್ರ ಬಸವಣ್ಣನ್ನ ಕೇಳು. ಹುಟ್ಟಿದಾಗಿಂದ ಉಪಾಸ ಕುಂತಾನ."

ಕೂತೆ. ಮಧ್ಯಾಹ್ನದ ಹೊತ್ತಿಗೆ ಗಡ್ಡೆಯ ಮೇಲ್ತುದಿಯಿಂದ ಹುಡುಗಿಯರ ಕೂಗು ಕೇಳಿಸಿತು. "ಪಾರೀ, ಟೆಂಗಿನಕಾಯಿ ತೇಲಿ ಬರಾಕತ್ಯಾವ! ಜಲ್ದಿ ಬಾರಲೇ!" ಹೊಸ ನೀರು ಮೇಲಿನ ಸೀಮೆಯಿಂದ ಏನೇನೋ ತರುತ್ತಿತ್ತು: ಕಟ್ಟಿಗೆ, ಕುಂಬಳಕಾಯಿ, ಒಮ್ಮೆ ಒಂದು ತೊಟ್ಟಿಲು. ಕೊಕ್ಕೆ ಕೋಲಿನಿಂದ ಎಳೆದುಕೊಂಡವರಿಗೆ ಅದು ದಕ್ಕುತ್ತಿತ್ತು. ನಾನು ಬಸವಣ್ಣನನ್ನು ನೋಡಿದೆ. ನೀರು ಮೊಣಕಾಲಿನಲ್ಲಿತ್ತು. ಒಂದು ಕಾಯಿ ಹಿಡಿದು ಓಡಿ ಬಂದುಬಿಡುತ್ತೇನೆ ಎಂದುಕೊಂಡೆ.

ಒಂದಾದ ಮೇಲೆ ಇನ್ನೊಂದು ಬಂತು. ಉಡಿ ತುಂಬಿಕೊಂಡು ತಿರುಗಿ ಬಂದಾಗ ಗಂಟೆಯೂ ಇಲ್ಲ, ಕೊರಳೂ ಇಲ್ಲ. ನೀರಿನ ಮೇಲೆ ಎರಡು ಕೊಂಬು. ಹೊಳೆಯ ನಟ್ಟನಡುವೆ ಹರಗೋಲು ಬುಗುರಿಯಂತೆ ತಿರುಗುತ್ತಿತ್ತು. ಅದರಲ್ಲಿ ಅಕ್ಕನ ಹಸಿರು ಸೀರೆ. ಅಂಬಿಗ ಹುಲಿಗೆಪ್ಪ, ಆಗಷ್ಟೇ ಮೀಸೆ ಬಂದಿದ್ದ ಹುಡುಗ, ಎದ್ದು ನಿಂತು ಹುಟ್ಟು ಹಾಕುತ್ತಿದ್ದ. ನೋಡನೋಡುತ್ತ ಹರಗೋಲು ಕೆಳಗಿನ ಬಂಡೆಗಳ ಆಚೆ ಮರೆಯಾಯಿತು.

ನಾನು ಮೊದಲು ಅರಿವೆ ಏರಿಸಿದೆ. ಆಮೇಲೆ ಕೂಗಿಕೊಂಡೆ. ಅದು ಹಿಂದುಮುಂದಾದದ್ದೇ ಇಷ್ಟು ವರ್ಷ ನನ್ನನ್ನು ತಿಂದದ್ದು.

ಊರೆಲ್ಲ ಓಡಿ ಬಂತು. ಗಳದ ಮೇಲೆ ಅರಿವೆ ಹಾರುತ್ತಿತ್ತು. "ಅರಿವಿ ಕಂಡೂ ಬಿಟ್ಟಾನಲ್ಲೋ ಹರಗೋಲ, ಸೊಕ್ಕು ನೋಡು!" ಎಂದರು. ಅಪ್ಪ ನನ್ನ ರೆಟ್ಟೆ ಹಿಡಿದು, "ಯಾವಾಗ ಏರಿಸಿದಿ?" ಎಂದ.

"ಆಗಲೇ," ಎಂದೆ.

ಪ್ರವಾಹ ಇಳಿಯುವ ತನಕ ಸುದ್ದಿ ತರಲು ಹೋಗುವವರಿಲ್ಲ, ಬರುವವರೂ ಇಲ್ಲ. ಅವ್ವ ದಿನಾ ಅಕ್ಕನ ಪಾಲಿನ ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ನಾನು ತಂದ ಕಾಯಿಗಳನ್ನು ಯಾರು ಹಿಡಿದದ್ದೆಂದು ಕೇಳದೆ ಬಸವಣ್ಣನ ಕೊಂಬಿನ ಕಡೆ ಕೈ ಮುಗಿದು ಒಂದೊಂದಾಗಿ ಒಡೆದಳು. ನಾನು ಚೂರೂ ಬಾಯಿಗಿಡಲಿಲ್ಲ. ಜ್ವರ ಬಂದಿದೆ ಎಂದುಕೊಂಡರು.

ನೀರು ಇಳಿದ ಮೇಲೆ ಒಂದು ಬೆಳಿಗ್ಗೆ ನಿಜಾಮನ ಕಡೆಯಿಂದ ಹರಗೋಲೊಂದು ಬಂತು. ಅದರಲ್ಲಿ ಯಾರದೋ ಸೀರೆ ಉಟ್ಟು ಅಕ್ಕ ಕೂತಿದ್ದಳು. ಇಳಿಯುವ ಮೊದಲೇ ಕೂಗಿದಳು: "ಯವ್ವಾ, ಸಂತಿ ಉಪ್ಪೆಲ್ಲಾ ಹೊಳಿ ಪಾಲಾತು!"

ಅವ್ವ ಅವಳ ಬೆನ್ನಿಗೆ ನಾಲ್ಕು ಗುದ್ದಿ ಆಮೇಲೆ ತಬ್ಬಿಕೊಂಡಳು. ನಾನು ಮರಳಿನ ಮೇಲೆ ಕೂತು ನಕ್ಕೆ. ಅಷ್ಟು ನಗು ನನಗೆ ಮತ್ತೆ ಬಂದದ್ದಿಲ್ಲ.

ಹಿಂದೆಯೇ ಹುಲಿಗೆಪ್ಪ ಇಳಿದ. ಎರಡೂ ಅಂಗೈಗೆ ಬಟ್ಟೆ ಸುತ್ತಿದ್ದ. ಕೊಚ್ಚಿಹೋಗಿ ನಿಜಾಮನ ದಡದ ಹತ್ತಿರ ಹರಗೋಲು ಮಗುಚಿದಾಗ ಒಂದು ಕೈಯಲ್ಲಿ ಜಾಲಿ ಗಿಡದ ಟೊಂಗೆ, ಇನ್ನೊಂದರಲ್ಲಿ ಅಕ್ಕನ ಜಡೆ ಹಿಡಿದು ಸಂಜೆಯ ತನಕ ನೀರಿನಲ್ಲಿ ನಿಂತಿದ್ದನಂತೆ.

"ಕೈ ತೋರಿಸಬ್ಯಾಡ. ಅರಿವಿ ಕಾಣಲಿಲ್ಲೇನಲೇ?" ಎಂದರು ಹಿರಿಯರು.

"ಇದ್ದಿದ್ದಿಲ್ರಿ. ಬಸವಣ್ಣನಾಣಿ, ಇದ್ದಿದ್ದಿಲ್ಲ."

"ನಾವೆಲ್ಲಾ ಕಂಡೀವಿ, ನಿನಗೊಬ್ಬಗಽ ಕಾಣಲಿಲ್ಲಾ? ಗಂಗವ್ವಾ, ನೀ ಹೇಳವಾ."

ಅಕ್ಕ ನನ್ನ ಕಡೆ ನೋಡಿದಳು. ನಾನು ಅವ್ವನ ಸೆರಗಿನ ಹಿಂದಿದ್ದೆ. ಅವಳು ತಲೆ ತಗ್ಗಿಸಿ, "ನಾ ಬೆನ್ನು ಮಾಡಿ ಕುಂತಿದ್ದೆ. ನೋಡಲಿಲ್ಲ," ಎಂದಳು.

ಹುಲಿಗೆಪ್ಪ ಒಮ್ಮೆ ಅವಳನ್ನು ನೋಡಿದ. ಹಾಯುಗಡವನ್ನು ಊರವರು ಬೇರೆಯವನಿಗೆ ಕೊಟ್ಟರು. ಅವನು ಕಂಪ್ಲಿಯ ಆಲೆಮನೆಯಲ್ಲಿ ಕಬ್ಬು ಹೊರಲು ಸೇರಿದ. ಅಕ್ಕ ನನ್ನನ್ನು ಯಾವತ್ತೂ ಒಂದು ಮಾತು ಕೇಳಲಿಲ್ಲ. ಆದರೆ ಸಂತೆಗೆ ಹೋದಾಗ ಆಲೆಮನೆಯ ಹಾದಿ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು. ಜೀವ ಉಳಿಸಿದವನಿಗೆ ಅವಳು ಮುಖ ತೋರಿಸದ ಹಾಗೆ ಮಾಡಿದವಳು ನಾನು.

ಆಮೇಲೆ ಅಣೆಕಟ್ಟಾಯಿತು. ಹೊಳೆ ಈಗ ಬಾಗಿಲು ತೆಗೆದರೆ ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಕಾಲುವೆ ನೀರಿನ ಹೊಲ ಸಿಕ್ಕಿತೆಂದು ಒಬ್ಬೊಬ್ಬರೇ ದಡಕ್ಕೆ ಬಂದೆವು. ಗಡ್ಡೆಯಲ್ಲಿ ಬಾಳೆ ಇದೆ, ಒಲೆಗಳಿಲ್ಲ. ಉಪ್ಪು ಈಗ ಓಣಿಯ ಅಂಗಡಿಯಲ್ಲೇ ಸಿಗುತ್ತದೆ, ಅದಕ್ಕಾಗಿ ಯಾರೂ ಹೊಳೆ ಹಾಯಬೇಕಿಲ್ಲ. ಅದು ಒಳ್ಳೆಯದೇ. ಆದರೆ ನೀರಿಗಿಳಿದ ಯಾರದೋ ಮಗಳಿಗಾಗಿ ಇನ್ನೊಂದು ಮನೆಯವರು ಉಣ್ಣದೆ ಕಾಯುವ ಪಾಳಿ ಇನ್ನೆಲ್ಲೂ ಇಲ್ಲ. ಇದ್ದ ಕಾಲದಲ್ಲಿ ಅದನ್ನು ಕೆಡಿಸಿದವಳೇ ಈಗ ಹೀಗೆ ಹೇಳಿದರೆ ಕೇಳುವವರು ನಕ್ಕಾರು.

ಹೋದ ವರ್ಷ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಶೇಂಗಾ ಸುಲಿಯುತ್ತ ಕೂತಾಗ ಬಾಯಿ ಬಿಟ್ಟೆ.

"ಅಕ್ಕಾ, ಅವತ್ತು ಅರಿವಿ ಇದ್ದಿದ್ದಿಲ್ಲ."

"ನನಗೊತ್ತಿಲ್ಲೇನು? ನನ್ನ ಎರಡೂ ಕಣ್ಣು ಗಳದ ಮ್ಯಾಲೇ ಇದ್ವು."

"ಮತ್ತ್ಯಾಕ ಹೇಳಲಿಲ್ಲ?"

"ಅಪ್ಪ ನಿನ್ನ ಕೊಂದಬಿಡ್ತಿದ್ದ. ಹಿಡಿಯಷ್ಟಿದ್ದಿ." ಸಿಪ್ಪೆ ಕೊಡವಿ ಎದ್ದಳು. "ನನ್ನ ಮುಂದ ಹೇಳಿದ್ರ ಏನು ಬಂತು? ಹುಲಿಗೆಪ್ಪ ಇನ್ನೂ ಅದಾನ. ನಡಿ, ನಾನೂ ಬರ್ತೀನಿ."

ಹುಲಿಗೆಪ್ಪ ಕಂಪ್ಲಿಯಲ್ಲಿ ಮಗನ ಮನೆಯ ಮುಂದೆ ಹೊರಸಿನ ಮೇಲೆ ಕೂತಿದ್ದ. ಕಣ್ಣು ಮಂಜಾಗಿದ್ದವು. "ಯಾರವ್ವಾ?" ಎಂದ.

"ಗಡ್ಡಿ ಗಂಗವ್ವ."

ಅವನು ಹೊರಸಿನ ಮೇಲೆ ಸರಿದು ಜಾಗ ಮಾಡಿದ. "ಬಾರವ್ವಾ, ಕುಂದ್ರು. ಭಾಳ ತಡ ಮಾಡಿದಿ."

ಅಕ್ಕ ಕೂರಲಿಲ್ಲ. ನನ್ನನ್ನು ಮುಂದೆ ದೂಡಿದಳು. "ನಮ್ಮ ಪಾರಿ. ಏನೋ ಹೇಳಬೇಕಂತ."

ನಾನು ಮೆಲ್ಲಗೆ ಹೇಳಿದೆ. ಅವನು ಕಿವಿಗೆ ಕೈ ಹಿಡಿದ. "ಜೋರಾಗಿ ಹೇಳವ್ವಾ, ಕೇಳಂಗಿಲ್ಲ."

ಬಾಗಿಲಲ್ಲಿ ಸೊಸೆ, ಮೊಮ್ಮಕ್ಕಳು, ಎದುರು ಕಟ್ಟೆಯ ಮೇಲೆ ನಾಲ್ಕು ಮಂದಿ. ಎಲ್ಲರಿಗೂ ಕೇಳುವಂತೆ ಹೇಳಿದೆ:

"ಹುಲಿಗೆಪ್ಪಣ್ಣಾ, ಅರಿವಿ ಇದ್ದಿದ್ದಿಲ್ಲ. ನೀ ಖರೇನ ಹೇಳಿದ್ದಿ. ನಾನಽ ಆಮ್ಯಾಲೆ ಏರಿಸಿ ಸುಳ್ಳು ಹೇಳಿದೆ, ಅಕ್ಕನ ಬಾಯಿಂದನೂ ಹೇಳಿಸಿದೆ. ತಪ್ಪಾತು ಯಣ್ಣಾ, ಕ್ಷಮಿಸಿಬಿಡು."