ಕೋಲಿಲ್ಲದೆ ಹಿಡಿದ ಹಾವು

1974ರಲ್ಲಿ ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕನಾಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು, ಎಂ.ಎಸ್ಸಿ. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಮರದ ಪೆಟ್ಟಿಗೆಗಳಿಗೆ ಮರಳು ತುಂಬಿ ಹನ್ನೊಂದು ಮಣ್ಣುಮುಕ್ಕ ಹಾವುಗಳನ್ನು ಸಾಕಿದ್ದೆ. ಪರದೇಶದವರು ಮನೆಯಲ್ಲಿ ಸಾಕುವ ದೊಡ್ಡ ಬೋವಾ ಹಾವಿನ ಬಳಗಕ್ಕೆ ಸೇರಿದ, ವಿಷವಿಲ್ಲದ ಕುಳ್ಳ ಹಾವು ಇದು. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮೈಮೇಲೆ ಕಂದು ಮಚ್ಚೆ. ಮಚ್ಚೆಗಳ ನಡುವಿನ ಬಣ್ಣ ಮಾತ್ರ ಬೂದಿ, ಹಳದಿ, ಇಟ್ಟಿಗೆ ಕೆಂಪು ಎಂದು ಒಂದೊಂದರಲ್ಲಿ ಒಂದೊಂದು ಬಗೆ. ಕೆಂಪು ಗಂಡಿಗೆ ಕೆಂಪು ಹೆಣ್ಣನ್ನು ಕೂಡಿಸಿದರೆ ಮರಿಗಳೂ ಕೆಂಪಾಗುತ್ತವೆಯೇ ಎಂದು ನೋಡುವುದು ನನ್ನ ಹಂಬಲ.

ಹಾವುಗಳ ಉಸ್ತುವಾರಿ ಅಟೆಂಡರ್ ಯಲ್ಲಪ್ಪನದು. ಸಂಪಗಾಂವದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ನನಗಿಂತ ಹತ್ತು ವರ್ಷ ದೊಡ್ಡವನು. ಮೊದಮೊದಲು ಅವನಿಗೆ ಹಾವೆಂದರೆ ಬಲು ಭಯ. ಮಚ್ಚೆ ಇರುವ ಯಾವ ಹಾವನ್ನೇ ಆಗಲಿ ಮೊದಲು ಕೋಲಿನಿಂದ ಮುಟ್ಟಿ, ಅದು ಏನು ಮಾಡುತ್ತದೆ ಎಂದು ನೋಡಬೇಕು ಎಂಬುದು ಅವರ ಮನೆಯ ರೂಢಿ. ಬುಸುಗುಟ್ಟಿದರೆ ಹಿಂದೆ ಸರಿಯುವುದು. ಪೆಟ್ಟಿಗೆಯ ಹಾವುಗಳಿಗೂ ಅವನು ಹಾಗೇ ಮಾಡುತ್ತಿದ್ದ. ಒಂದು ದಿನ ಕೋಲು ತಾಗಿ ಎಳೆಯ ಹಾವೊಂದರ ಚರ್ಮ ತರಚಿಹೋಯಿತು. ನನಗೆ ಸಿಟ್ಟು ಬಂತು.

"ಕೋಲ್ ಬಿಡು, ಯಲ್ಲಪ್ಪ. ಇವು ಏನೂ ಮಾಡೂದಿಲ್ಲ. ಕೈಲೆ ಹಿಡಿ" ಎಂದೆ.

ಆರು ತಿಂಗಳಲ್ಲಿ ಅವನ ಭಯ ಹೋಯಿತು. ನಾನು ಅದನ್ನು ನನ್ನ ದೊಡ್ಡ ಸಾಧನೆ ಎಂದುಕೊಂಡೆ. ಸಹೋದ್ಯೋಗಿಗಳ ಮುಂದೆ ಅವನ ಅಂಗೈಯಲ್ಲಿ ಹಾವು ಇಡಿಸಿ ಮೆರೆದದ್ದೂ ಉಂಟು.

1975ರ ಜೂನ್‌ನಲ್ಲಿ ಕೆಂಪು ಹೆಣ್ಣು ಏಳು ಮರಿ ಹಾಕಿತು. ಎರಡು ಮರಿ ಕೆಂಪು. ನನಗಿಂತ ಯಲ್ಲಪ್ಪನಿಗೇ ಹೆಚ್ಚು ಸಂತೋಷ. ಆದರೆ ಅದೇ ವಾರ ಕೆಂಪು ಗಂಡು ಸತ್ತಿತು, ಕೆಲಸ ನಿಂತಿತು. "ನಮ್ಮ ಹೊಲದ ಕಡೆ ಹುಡುಕತೇನ್ರಿ, ಸರ" ಎಂದು ಅವನೇ ಸಮಾಧಾನ ಹೇಳಿದ.

ಜುಲೈನ ಒಂದು ಸೋಮವಾರ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಬಂದ. ಮುಖದಲ್ಲಿ ನಗು. ಬಲಗೈ ಮೊಣಕೈವರೆಗೆ ಊದಿತ್ತು.

"ಸಿಕ್ತರಿ, ಸರ. ಇಂಥಾ ಕೆಂಪ ನಮ್ಮ ಹತ್ರ ಇಲ್ಲ. ನಿನ್ನಿ ಸಂಜಿಮುಂದ ಹಿಡಿಯೂವಾಗ ಸ್ವಲ್ಪ ಕಚ್ಚೇತಿ. ಮನ್ಯಾಗ ಹೆಂಡ್ತಿ ದವಾಖಾನಿಗೆ ಹೋಗ್ರಿ ಅಂತ ಗದ್ಲ ಹಾಕಿದ್ಲು. ಇದು ನಮ್ಮ ಸರ್ ಸಾಕೂ ಹಾವು, ಏನೂ ಆಗೂದಿಲ್ಲ ಅಂದೆ."

ಚೀಲ ಬಿಚ್ಚಿದೆ. ಒಂದಡಿಯ ಹಾವು, ತ್ರಿಕೋನ ತಲೆ. ಮಣ್ಣುಮುಕ್ಕದ ಬಾಲ ಮೊಂಡು. ಇದರದು ಸಣ್ಣಗೆ ಚೂಪಾಗಿತ್ತು. ಬೆನ್ನಿನ ಮೇಲೆ ಕಪ್ಪು ಅಂಚಿನ ದುಂಡು ಮಚ್ಚೆಗಳ ಸರಪಳಿ. ಅದು ಕಡುವಿಷದ ಕೊಳಕುಮಂಡಲದ ಮರಿ. ಎಳೆಯ ಕೊಳಕುಮಂಡಲದ ಬಣ್ಣ ಹೀಗೆ ಕೆಂಪಗೆ ಹೊಳೆಯುವುದುಂಟು. ಅದು ನನಗೆ ಗೊತ್ತಿತ್ತು. ಅವನಿಗೆ ಹೇಳಿರಲಿಲ್ಲ.

ಊರಿನ ಡಾಕ್ಟರು ಅವನ ಒಸಡಿನಲ್ಲಿ ರಕ್ತ ಒಸರುವುದನ್ನು ನೋಡಿ, ತಕ್ಷಣ ಬೆಳಗಾವಿಗೆ ಒಯ್ಯಿರಿ ಎಂದರು. ಬಾಡಿಗೆ ಕಾರಿನಲ್ಲಿ ಹೊರಟೆವು. ನೇಸರಗಿ ದಾಟಿದ ಮೇಲೆ ಅವನು ಕಣ್ಣು ತೆರೆದು, "ಬಣ್ಣ ಚಲೋ ಐತಲ್ರಿ, ಸರ?" ಎಂದು ಕೇಳಿದ. ಚಲೋ ಐತಿ ಎಂದೆ.

ವಿಷಕ್ಕೆ ಪ್ರತಿಯಾಗಿ ಕೊಡುವ ಸೀರಮ್ ಕೊಟ್ಟರು. ಆದರೆ ಕಚ್ಚಿ ಹದಿನೆಂಟು ಗಂಟೆ ಆಗಿತ್ತು, ಮೂತ್ರಪಿಂಡ ಕೆಟ್ಟಿತ್ತು. ನಾಲ್ಕನೆಯ ದಿನ ಯಲ್ಲಪ್ಪ ತೀರಿಕೊಂಡ.

ಮಣ್ಣು ಮಾಡಿದ ಮೇಲೆ ಅವನ ಹೆಂಡತಿ ಗಂಗವ್ವ ನನ್ನನ್ನು ಕರೆದಳು. ಅಳುತ್ತಿರಲಿಲ್ಲ.

"ಹಾವಂದ್ರ ಗಡಗಡ ನಡಗತಿದ್ರು, ಸರ. ಆ ಅಂಜಿಕಿ ಯಾಕ ಬಿಡಿಸಿದ್ರಿ?"

ಭಯ ತೆಗೆಯುವುದು ಸುಲಭ. ಆ ಜಾಗದಲ್ಲಿ ಪೂರ್ತಿ ತಿಳಿವಳಿಕೆ ತುಂಬುವುದು ಶಿಕ್ಷಕನ ಕೆಲಸ. ನಾನು ಅರ್ಧ ಮಾತ್ರ ಮಾಡಿದ್ದೆ.

ಮುಂದೆ ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ. ಪ್ರತಿ ವರ್ಷ ತರಗತಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ, ಗುರುತು ಹಿಡಿಯಲಾಗದಷ್ಟು ಹಾಳಾದ ಒಂದು ಹಾವಿನ ಮಾದರಿಯನ್ನು ಬೇಕೆಂದೇ ಇಡುತ್ತಿದ್ದೆ. ಹುಡುಗರು ಏನೋ ಒಂದು ಹೆಸರು ಗೀಚುತ್ತಿದ್ದರು. "ಗೊತ್ತಾಗಲಿಲ್ಲ, ಮುಟ್ಟುವುದಿಲ್ಲ" ಎಂದು ಬರೆದವರಿಗೆ ಪೂರ್ತಿ ಅಂಕ ಕೊಡುತ್ತಿದ್ದೆ. ಯಲ್ಲಪ್ಪನಿಗೆ ನಾನು ಆ ಉತ್ತರವನ್ನು ಕಲಿಸಿರಲಿಲ್ಲ.