ಖಾಲಿ ಕುರ್ಚಿಯ ಗಿರಾಕಿ

ಬಾಗಿಲು ತೆಗೆದು ಒಳಗೆ ಬಂದಾಗ ಈರುಳ್ಳಿಯ ಕಾರ್ಡು ತಟ್ಟೆಯಲ್ಲಿರಲಿಲ್ಲ. ಕುರ್ಚಿಯ ಕೆಳಗೆ ಬೋರಲು ಬಿದ್ದಿತ್ತು. ಫ್ಯಾನು ನಿಂತಿತ್ತು, ಕಿಟಕಿಗಳೂ ಮುಚ್ಚಿದ್ದವು.

ಗುಂಡ್ಲುಪೇಟೆಯಲ್ಲಿ ನಾನು ಜರ್ಮನಿಗೆ ಹೊರಟಿರುವ ನರ್ಸ್‌ಗಳಿಗೆ ಅಲ್ಲಿನ ಭಾಷೆ ಕಲಿಸುತ್ತೇನೆ. ಅಂದು ತಿನ್ನುವ ಪದಾರ್ಥಗಳ ಹೆಸರು ಕಲಿಯಲು ಹೋಟೆಲ್ ಆಟ. ಒಬ್ಬೊಬ್ಬಳೂ ಒಂದು ಚಿತ್ರದ ಕಾರ್ಡು ಎತ್ತಿ, ಅದರ ಜರ್ಮನ್ ಹೆಸರು ಹೇಳಿ, ಗಿರಾಕಿಯ ತಟ್ಟೆಗೆ ಬಡಿಸಬೇಕು. ಬ್ರೆಡ್ಡಿಗೆ ‘ಬ್ರೋಟ್’, ಈರುಳ್ಳಿಗೆ ‘ತ್ಸ್ವೀಬೆಲ್’. ಗಿರಾಕಿಯಾಗಬೇಕಿದ್ದವಳು ರಜೆ ಹಾಕಿದ್ದರಿಂದ ಕುರ್ಚಿ ಖಾಲಿಯಿತ್ತು. ತಟ್ಟೆ ತುಂಬಿದಾಗ ಉಡಿಗಾಲ ಎಂಬ ಹಳ್ಳಿಯ ಮಂಗಳ ಎದ್ದು ನಿಂತಳು.

“ಎಡೆ ಇಟ್ಟಂಗೇ ಅದೆ ಮೇಡಂ. ಬಾಗ್ಲು ಆಕ್ಬುಟ್ಟು ಒಸಿ ಒತ್ತು ಆಚೆ ನಿಂತ್ಕಳನ.”

ಪಿತೃಪಕ್ಷದ ದಿನಗಳು. ತೀರಿಹೋದವರಿಗೆ ಎಡೆಯಿಟ್ಟು, ಅವರು ಉಣ್ಣಲೆಂದು ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕಾಯುವುದು ಇಲ್ಲಿನ ರೂಢಿ. ಹುಡುಗಿಯರು ನಗುತ್ತಲೇ ಹೊರಬಂದರು, ನಾನೂ ಬಂದೆ.

ಒಳಗೆ ಹೋದ ಮೇಲೆ ಯಾರೂ ನಗಲಿಲ್ಲ. ಹಿಂದಿನ ವರ್ಷವಷ್ಟೇ ತಾಯಿಯನ್ನು ಕಳೆದುಕೊಂಡಿದ್ದ ಮಂಗಳ ಬಗ್ಗಿ ಆ ಕಾರ್ಡನ್ನು ಎತ್ತಿಕೊಂಡಳು.

“ನಮ್ಮವ್ವ ಈರುಳ್ಳಿ ಮುಟ್ತಿರ್ಲಿಲ್ಲ ಮೇಡಂ. ಅಷ್ಟು ದೂರ ಓದ್ರೆ ಎಡೆ ಇಕ್ಕೋದು ಎಂಗೆ ಅಂತಿದ್ದೆ. ಅಲ್ಗೂ ಬತ್ತಳೆ ಬುಡಿ.”

ಈ ವರ್ಷದ ಪಿತೃಪಕ್ಷಕ್ಕೆ ಮಂಗಳ ಜರ್ಮನಿಯಿಂದ ಒಂದು ಫೋಟೊ ಕಳಿಸಿದ್ದಾಳೆ. ಬಾಡಿಗೆ ಕೋಣೆ, ಮೇಜಿನ ಮೇಲೆ ಬ್ರೆಡ್ಡಿನ ತಟ್ಟೆ, ಎದುರಿಗೆ ಖಾಲಿ ಕುರ್ಚಿ. ಉಂಡು ಎದ್ದವರ ಕುರ್ಚಿಯಂತೆ ಅದು ತುಸು ಹಿಂದಕ್ಕೆ ಸರಿದಿದೆ.